ಗದಗ ಸೀಮೆಯ ಮಕ್ಕಳ ಹಬ್ಬದಾಟಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಮಕ್ಕಳು ಹಬ್ಬವನ್ನು ಕಲಿಯುವುದು ಗುಂಪು ಕಟ್ಟಿ ಆಡುತ್ತ. ಮುಂಗಾರು ಬಿತ್ತನೆಯ ಹೊತ್ತಿಗೆ ಬರುವ ಜ್ಯೇಷ್ಠ ಬಹುಳ ಅಮಾವಾಸ್ಯೆ ಇಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ನಾದಿ ಜೋಡೆತ್ತು ಮಾಡುತ್ತಾರೆ, ಮುಂದೆ ಮೇವಿನ ಗೋದಲಿ ಇಡುತ್ತಾರೆ. ಕೋಡು ಎಷ್ಟು ಬಾಗಬೇಕು, ಇಣಿ ಎಷ್ಟು ಏಳಬೇಕು ಎಂಬುದು ಮಗುವಿನ ಬೆರಳಿಗೇ ತಿಳಿಯುತ್ತದೆ.

ಮರುದಿನದ ಆಟ ಇನ್ನೂ ಸೊಗಸು. ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಹುಡುಗರು ಎಂಟೆತ್ತಿನೊಳಗೆ ಒಂದು ಕುಂಟಾಗಿದೆ ಎಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಬಂದ ಜೋಳ ಮಾರಿ ಚುರುಮುರಿ, ಬೆಲ್ಲ, ಶೇಂಗಾ ತಂದು ಹಂಚಿ ತಿಂದು, ಎತ್ತುಗಳನ್ನು ನೀರಿಗೆ ಬಿಡುತ್ತಾರೆ. ಒಬ್ಬ ರೈತನ ಎತ್ತು ಕುಂಟಿದರೆ ಊರೇ ಕೈಹಿಡಿಯಬೇಕೆಂಬ ಮಾತು ಹೀಗೆ ಆಟದೊಳಗೇ ಬಂದುಬಿಡುತ್ತದೆ.

ಆಷಾಢದ ಮಂಗಳವಾರಗಳು ಹುಡುಗಿಯರವು. ಗುಳ್ಳವ್ವ ಎಂಬ ಮಣ್ಣಿನ ಗೊಂಬೆಗೆ ಗುಲಗಂಜಿ, ಕುಸುಬಿ, ಜೋಳದ ಕಾಳು ಒತ್ತಿ ಸಿಂಗರಿಸಿ, ಹಾಡಿ, ಬುತ್ತಿ ಕಟ್ಟಿಕೊಂಡು ಹೋಗಿ ಒಟ್ಟಿಗೆ ಉಣ್ಣುತ್ತಾರೆ.

ಶ್ರಾವಣದ ನಾಗರ ಪಂಚಮಿಗೆ ಜೋಕಾಲಿ, ಅಳ್ಳು, ಎಳ್ಳುಂಡಿ, ಶೇಂಗಾ ಉಂಡಿ. ಕೊಬ್ಬರಿ ಬಟ್ಟಲಿಗೆ ತೂತು ಹಾಕಿ ದಾರ ಪೋಣಿಸಿ ಗಿರಗಿರ ತಿರುಗಿಸುವುದು ಮಕ್ಕಳ ಆಟ. ಆಡಿ ದಣಿದ ಮೇಲೆ ಬಟ್ಟಲು ಬಾಯಿಗೆ.

ತಿರುಗುವ ಆಟಿಕೆ ಯೆಹೂದಿಗಳ ಹನುಕ್ಕಾ ಹಬ್ಬದಲ್ಲೂ ಇದೆ. ಕ್ರಿ.ಪೂ. 164ರ ಸುಮಾರಿಗೆ ಜೆರುಸಲೇಮಿನ ದೇವಾಲಯ ಮತ್ತೆ ಶುದ್ಧಿಗೊಂಡದ್ದರ ನೆನಪಿನ ಈ ಹಬ್ಬ 8 ದಿನದ್ದು. ಡ್ರೈಡಲ್ ಎಂಬ ನಾಲ್ಕು ಮುಖದ ಬುಗುರಿಯ ಮೇಲೆ ನುನ್, ಗಿಮೆಲ್, ಹೇ, ಶಿನ್ ಅಕ್ಷರಗಳಿರುತ್ತವೆ. ಅಲ್ಲಿ ದೊಡ್ಡ ಪವಾಡ ನಡೆಯಿತು ಎಂಬುದರ ಸೂಚನೆ ಅದು. ಗಿಮೆಲ್ ಬಿದ್ದರೆ ಆಟಗಾರರು ನಡುವೆ ಹಾಕಿದ ರಾಶಿಯೆಲ್ಲ ಆಡಿದವನದು, ಹೇ ಬಿದ್ದರೆ ಅರ್ಧ, ನುನ್ ಬಿದ್ದರೆ ಏನೂ ಇಲ್ಲ, ಶಿನ್ ಬಿದ್ದರೆ ತನ್ನದನ್ನೇ ಹಾಕಬೇಕು. ಯುರೋಪಿನ ಜೂಜಿನ ಬುಗುರಿಯೊಂದು ಹಬ್ಬದ ಪಾಠವಾದ ಕಥೆಯಿದು. ಯೆಹೂದಿಗಳ ಇನ್ನೊಂದು ಹಬ್ಬವಾದ ಪಸ್ಕದಲ್ಲೂ ಮಕ್ಕಳಿಗೆ ಪಾತ್ರವಿದೆ: ರಾತ್ರಿಯ ಊಟದಲ್ಲಿ ಮನೆಯ ಕಿರಿಯ ಮಗುವೇ ಪ್ರಶ್ನೆ ಕೇಳಬೇಕು. ಮಗು ಕೇಳುವ ಈ ಪದ್ಧತಿ ಸುಮಾರು ಕ್ರಿ.ಶ. 200ರ ಮಿಷ್ನಾ ಗ್ರಂಥದಲ್ಲೇ ಇದೆ.

ಇತ್ತ, ಉತ್ತರ ಕರ್ನಾಟಕದ ಜನಪದ ಹಾಡುಗಳನ್ನು ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗದವರು 1931ರಲ್ಲಿ 'ಗರತಿಯ ಹಾಡು' ಸಂಕಲನವಾಗಿ ಅಚ್ಚಿಗೆ ತಂದರು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಬಂತು. ಹಾಡು ಪುಸ್ತಕದಲ್ಲಿ ಉಳಿದೀತು, ಆಟ ಉಳಿಯಲು ಮಕ್ಕಳೇ ಬೇಕು. ಪೇಟೆಯಲ್ಲಿ ಈಗ ಬಣ್ಣ ಬಳಿದ ಸಿದ್ಧ ಜೋಡೆತ್ತು ಸಿಗುತ್ತವೆ. ಪೂಜೆಗೆ ಅವು ಸಾಕು. ಆದರೆ ಮಣ್ಣು ನಾದುವ ಕೆಲಸವನ್ನು ಮಕ್ಕಳ ಕೈಯಿಂದ ಕಸಿಯಬಾರದು.