ಕಾಳೋ? ಜೊಳ್ಳೋ?

ಹೋದ ವಾರ ಅಪ್ಪನ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಾ ಕೂತಿದ್ದೆ. ಒಂದರಲ್ಲಿ ಅಜ್ಜಿ ಒಲೆ ಮುಂದೆ ಕೂತಿದ್ದಾಳೆ. ಫ್ಲಾಶ್ ಇಲ್ಲ, ಬೆಂಕಿಯದ್ದೇ ಬೆಳಕು. ಚಿತ್ರದ ತುಂಬಾ ರವೆ ಚೆಲ್ಲಿದ ಹಾಗೆ ಗ್ರೇನ್. ಇಂಜಿನಿಯರ್ ಬುದ್ಧಿ ನೋಡಿ, ತಕ್ಷಣ ನಾಯ್ಸ್ ತೆಗೆಯೋ ಸಾಫ್ಟ್‌ವೇರ್‌ಗೆ ಹಾಕಿದೆ. ಗ್ರೇನ್ ಹೋಯಿತು, ಜೊತೆಗೆ ಅಜ್ಜಿಯ ಸುಕ್ಕುಗಳೂ ಹೋದವು! ಮೇಣದ ಗೊಂಬೆ ಥರ ಕಂಡಳು. ಅದನ್ನು ಅಳಿಸಿ, ಈ ಗ್ರೇನ್‌ನ ಕಥೆ ಏನು ಅಂತ ಹುಡುಕಲು ಕೂತೆ.

ಫಿಲ್ಮಿನ ಮೇಲಿರುವುದು ಬೆಳ್ಳಿಯ ಲವಣದ ಹರಳುಗಳು. ಹರಳು ದೊಡ್ಡದಾದಷ್ಟೂ ಅದಕ್ಕೆ ಸಿಗುವ ಬೆಳಕು ಹೆಚ್ಚು. ಹಾಗಾಗಿ ಕತ್ತಲಿಗೆ ಒಗ್ಗುವ ‘ಫಾಸ್ಟ್’ ಫಿಲ್ಮ್ ಅಂದರೆ ದಪ್ಪ ಗ್ರೇನ್. ೧೯೫೪ರಲ್ಲಿ ಕೊಡಕ್ ಕಂಪನಿ ಟ್ರೈ-ಎಕ್ಸ್ ಫಿಲ್ಮನ್ನು ೩೫ ಎಂಎಂ ರೀಲಿನಲ್ಲಿ ತಂದಿತು. ಪತ್ರಿಕೆಗಳ ಫೋಟೊಗ್ರಾಫರ್‌ಗಳಿಗೆ ಅದು ಅಚ್ಚುಮೆಚ್ಚಾಯಿತು. ಅದೂ ಸಾಲದಿದ್ದರೆ ‘ಪುಷ್’ ಮಾಡುತ್ತಿದ್ದರು. ಅಂದರೆ ೪೦೦ರ ಫಿಲ್ಮನ್ನು ೧೬೦೦ ಎಂದುಕೊಂಡು ಫೋಟೊ ತೆಗೆದು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಡುವುದು. ಗ್ರೇನ್ ಇನ್ನೂ ಎದ್ದು ಕಾಣುತ್ತಿತ್ತು. ಕತ್ತಲಲ್ಲಿ ಚಿತ್ರ ಸಿಕ್ಕಿದ್ದಕ್ಕೆ ತೆತ್ತ ಬೆಲೆ ಅದು.

ಆ ಬೆಲೆಯನ್ನೇ ಭಾಷೆ ಮಾಡಿಕೊಂಡವರು ಜಪಾನಿನಲ್ಲಿ ಸಿಕ್ಕರು. ವಿದ್ಯಾರ್ಥಿ ಚಳವಳಿಗಳ ಕಾಲ. ೧೯೬೮ರ ನವೆಂಬರಿನಲ್ಲಿ ಟೋಕಿಯೊದಲ್ಲಿ ‘ಪ್ರೊವೋಕ್’ ಎಂಬ ಪತ್ರಿಕೆ ಹುಟ್ಟಿತು. ಬಂದದ್ದು ಮೂರೇ ಸಂಚಿಕೆ. ತಕುಮಾ ನಕಹಿರ ಮೊದಲಿನಿಂದ ಇದ್ದರು, ದೈದೊ ಮೊರಿಯಾಮ ಎರಡನೇ ಸಂಚಿಕೆಗೆ ಸೇರಿಕೊಂಡರು. ಇವರ ಶೈಲಿಗೆ ‘ಅರೆ, ಬುರೆ, ಬೊಕೆ’ ಎಂದೇ ಹೆಸರಾಯಿತು. ಒರಟು, ಅಲುಗಿದ್ದು, ಫೋಕಸ್ ತಪ್ಪಿದ್ದು ಅಂತ ಅರ್ಥ. ನಾವು ಡಿಲೀಟ್ ಮಾಡುವ ಮೂರೂ ತಪ್ಪುಗಳು! :-) ೧೯೭೨ರ ‘ಫೋಟೊಗ್ರಫಿಗೆ ವಿದಾಯ’ ಪುಸ್ತಕದಲ್ಲಿ ಮೊರಿಯಾಮ ಗೀರು ಬಿದ್ದ ನೆಗೆಟಿವ್‌ಗಳನ್ನೂ ಬಿಡದೆ ಅಚ್ಚು ಹಾಕಿಸಿದರು. ಸ್ಪಷ್ಟವಾಗಿರುವ ಚಿತ್ರವೇ ಸತ್ಯ ಎಂಬ ನಂಬಿಕೆಯನ್ನೇ ಈ ಗುಂಪು ಪ್ರಶ್ನಿಸಿತ್ತು.

ನನ್ನ ಸಾಫ್ಟ್‌ವೇರ್ ಮಾಡಿದ್ದೂ ಅದೇ ನಂಬಿಕೆಯ ಕೆಲಸ. ಅದು ಅಕ್ಕಪಕ್ಕದ ಪಿಕ್ಸೆಲ್ ನೋಡಿ ‘ಇಲ್ಲಿ ಹೀಗಿದ್ದಿರಬೇಕು’ ಅಂತ ಊಹಿಸುತ್ತದೆ. ಸುಕ್ಕು, ಗ್ರೇನ್ ಎರಡೂ ಅದಕ್ಕೆ ಜೊಳ್ಳು. ಮೊರ ಹಿಡಿದು ಕೇರುತ್ತಿದ್ದ ಅಜ್ಜಿಗೆ ಕಾಳು ಯಾವುದು, ಜೊಳ್ಳು ಯಾವುದು ಅಂತ ಚೆನ್ನಾಗಿ ಗೊತ್ತಿತ್ತು.

ಅಜ್ಜಿ ಈಗಿಲ್ಲ. ಗ್ರೇನ್ ಸಮೇತ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ಅಪ್ಪ ತುಂಬಾ ಹೊತ್ತು ನೋಡಿ, “ಅವತ್ತು ಕರೆಂಟ್ ಇರಲಿಲ್ಲ ಕಣೋ” ಅಂದರು.