ಮಲಗಿದ ಮೋಟಾರು, ಏರುವ ಹೊಳೆ: ಯಾದಗಿರಿ ಸೀಮೆಯ ರಕ್ಷಣಾ ದೋಣಿಗಳಲ್ಲಿ ಕಾರ್ಬೋರೇಟರ್ ಮತ್ತು ಇಂಧನ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ನೀರು ಬಿಡುವ ದಿನ ಸುರಪುರ, ಶಹಾಪುರದ ಹೊಲಗಳಲ್ಲಿ ಬಿಸಿಲು ಸುಡುತ್ತಿರುವುದುಂಟು. ಮಳೆ ಸುರಿದದ್ದು ಮಹಾಬಳೇಶ್ವರದ ಬೆಟ್ಟಗಳಲ್ಲಿ, ಕೊಯ್ನಾ ಕಣಿವೆಯಲ್ಲಿ. ಹೊಳೆ ತುಂಬುವುದು ಇಲ್ಲಿ. 2019ರ ಆಗಸ್ಟ್‌ನಲ್ಲಿ ಜಲಾಶಯದ ಹೊರಹರಿವು ಆರು ಲಕ್ಷ ಕ್ಯೂಸೆಕ್‌ನ ಆಸುಪಾಸಿಗೆ ಏರಿದಾಗ ಶಹಾಪುರ–ದೇವದುರ್ಗ ನಡುವಿನ ಸೇತುವೆ ನೀರಿನಡಿ ಹೋಯಿತು. ಮರುವರ್ಷದ ಅಕ್ಟೋಬರ್ ನಡುವಿನಲ್ಲಿ ಭೀಮೆಯ ಸರದಿ. ಯಾದಗಿರಿಯ ದಂಡೆಯುದ್ದಕ್ಕೂ ಹೊಲಗಳಿಗೆ ನೀರು ನುಗ್ಗಿತು.

ಇಂಥ ಹೊತ್ತಿನಲ್ಲಿ ಅಗ್ನಿಶಾಮಕ ದಳದವರೋ ಎನ್‌ಡಿಆರ್‌ಎಫ್‌ನವರೋ ರಬ್ಬರ್ ದೋಣಿಯನ್ನು ನೀರಿಗಿಳಿಸುತ್ತಾರೆ. ಅದರ ಹಿಂಬದಿಗೆ ಕಚ್ಚಿಸಿದ ಹೊರಮೋಟಾರಿಗೆ ಅವರು ಹೇಳುವುದು ‘ಓಬಿಎಂ’ ಎಂದೇ. ಹಗ್ಗ ಎಳೆದರೆ ಅದು ಶುರುವಾಗಬೇಕು, ಮತ್ತು ನಡುಹೊಳೆಯಲ್ಲಿ ನಿಲ್ಲಬಾರದು. ಈ ಎರಡು ನಿರೀಕ್ಷೆಗಳು ಹುಸಿಯಾದಾಗ ದೂರು ಬೀಳುವುದು ಪ್ರವಾಹದ ಮೇಲೆ, ಕೆಸರಿನ ಮೇಲೆ, ಇಲ್ಲವೇ ‘ಹಳೇ ಮಷೀನ್’ ಮೇಲೆ. ಆದರೆ ಕಾರ್ಬೋರೇಟರ್ ಇರುವ ಮೋಟಾರು ಪ್ರವಾಹದ ದಿನ ಕೆಡುವುದು ಅಪರೂಪ. ಅದು ಕೆಟ್ಟಿರುವುದು ಹಿಂದಿನ ಹತ್ತು ತಿಂಗಳಲ್ಲಿ, ಶೆಡ್ಡಿನ ಮೂಲೆಯಲ್ಲಿ, ಯಾರೂ ಮುಟ್ಟದೆ ಇದ್ದಾಗ. ಒಳನಾಡಿನ ರಕ್ಷಣಾ ದೋಣಿಯ ಇಂಧನ ಸಮಸ್ಯೆಯನ್ನು ಯಂತ್ರದ ದೋಷವೆಂದು ನೋಡದೆ ಕಾಲದ ಲೆಕ್ಕವೆಂದು ನೋಡಬೇಕೆಂಬುದು ಈ ಲೇಖನದ ವಾದ.

ಲೆಕ್ಕ ತಪ್ಪಿದರೆ ಏನಾದೀತು ಎಂಬುದಕ್ಕೆ ಈ ಸೀಮೆಯಲ್ಲಿ ದೂರದ ಉದಾಹರಣೆ ಬೇಕಿಲ್ಲ. ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿ ಆಗ ಸುರಪುರ ತಾಲ್ಲೂಕಿಗೆ ಸೇರಿತ್ತು. 2014ರ ಜುಲೈ ಕೊನೆಯಲ್ಲಿ ಅಲ್ಲಿನ ಒಂಬತ್ತು ತಿಂಗಳ ಗರ್ಭಿಣಿಯೊಬ್ಬರು ಒಣ ಸೋರೆಕಾಯಿಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ಆಚೆ ದಡ ಸೇರಿದ ಸುದ್ದಿ ದೇಶವೆಲ್ಲ ಹರಡಿತು. ಆ ಸೆಳವಿಗೆ ತೆಪ್ಪ ಇಳಿಸುವ ಹಾಗಿರಲಿಲ್ಲ. ತೆಪ್ಪಕ್ಕೆ ಪೆಟ್ರೋಲ್ ಬೇಡ, ಕಾರ್ಬೋರೇಟರ್ ಕಟ್ಟಿಕೊಳ್ಳುವ ಭಯವೂ ಇಲ್ಲ. ಆದರೆ ಹೊಳೆ ಒಂದು ಮಟ್ಟ ದಾಟಿದ ಮೇಲೆ ಹುಟ್ಟಿಗೆ ಕೆಲಸವಿಲ್ಲ, ಮೋಟಾರೇ ಗತಿ. ಆ ಮೋಟಾರು ವರ್ಷಕ್ಕೆ ಕೆಲವೇ ದಿನ ಬೇಕಾಗುತ್ತದೆ ಎನ್ನುವುದೇ ಇಲ್ಲಿನ ತೊಡಕು.

ಕರಾವಳಿಯಲ್ಲಿ ಕತೆ ಬೇರೆ. ಮಲ್ಪೆ, ಗಂಗೊಳ್ಳಿ, ಭಟ್ಕಳದ ನಾಡದೋಣಿಗಳ ಹೊರಮೋಟಾರಿಗೆ ಹೆಚ್ಚು ನಿದ್ದೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲೂ 10 ಅಶ್ವಶಕ್ತಿವರೆಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಲ್ಲಿ ಬಹುಕಾಲದಿಂದ ನಡೆದುಬಂದದ್ದು ಸೀಮೆಎಣ್ಣೆ ಮೋಟಾರು: ಪೆಟ್ರೋಲಿನಲ್ಲಿ ಶುರು ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಹಾಕಿ ಕಾರ್ಬೋರೇಟರಿನಲ್ಲಿ ಉಳಿದ ಎಣ್ಣೆ ಉರಿಯಲು ಬಿಡುವುದು. ಈ ಕೊನೆಯ ಅಭ್ಯಾಸ ಮೀನುಗಾರರಿಗೆ ಯಾರೂ ಪಾಠ ಮಾಡಿ ಕಲಿಸಿದ್ದಲ್ಲ, ಮರುದಿನ ಬೆಳಿಗ್ಗೆ ಮೋಟಾರು ಶುರುವಾಗದಿದ್ದರೆ ಆ ದಿನದ ಮೀನು ಇಲ್ಲ. (ಸೀಮೆಎಣ್ಣೆ ಮೋಟಾರು ಬದಲಿಸಿಕೊಳ್ಳುವವರಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಮೇಲೆ ಆ ಪದ್ಧತಿಯೂ ಹಿಂದೆ ಸರಿಯುತ್ತಿದೆ.) ಯಾದಗಿರಿಯ ರಕ್ಷಣಾ ಮೋಟಾರಿಗೆ ಅಂಥ ಮರುದಿನವಿಲ್ಲ. ಅದರ ‘ನಾಳೆ’ ಮುಂದಿನ ಆಗಸ್ಟ್.

ಕಾರ್ಬೋರೇಟರ್ ಮೂಲತಃ ಸರಳ ಸಾಧನ. ವಿಲ್ಹೆಲ್ಮ್ ಮೇಬ್ಯಾಕ್ 1893ರಲ್ಲಿ ರೂಪಿಸಿದ ತತ್ವವೇ ಇಂದಿಗೂ ನಡೆಯುತ್ತಿದೆ. ಕೆಳಗೆ ಒಂದು ಬಟ್ಟಲು; ಅದರಲ್ಲಿ ತೇಲುವ ಫ್ಲೋಟ್ ಏರಿದಾಗ ಸೂಜಿ ಪೆಟ್ರೋಲಿನ ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಮೇಲೆ ನಡು ಕಿರಿದಾದ ಕೊಳವೆ. ಗಾಳಿ ಅಲ್ಲಿ ಬಿರುಸಾಗಿ ಹಾಯುವಾಗ ಒತ್ತಡ ತಗ್ಗಿ, ಬಟ್ಟಲಿನ ಪೆಟ್ರೋಲ್ ಹಿತ್ತಾಳೆಯ ಜೆಟ್ಟುಗಳ ಮೂಲಕ ಮೇಲೇರಿ ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಪೂರ್ತಿ ವೇಗಕ್ಕೆ ಮೇನ್ ಜೆಟ್, ನಿಧಾನದ ಓಟಕ್ಕೆ ಪೈಲಟ್ ಜೆಟ್. ಈ ಎರಡನೆಯದರ ತೂತು ಹೆಚ್ಚಿನ ಸಣ್ಣ ಮೋಟಾರುಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಕಿರಿದು. ರೋಗವೆಲ್ಲ ಈ ತೂತಿನಲ್ಲಿ.

ಬಟ್ಟಲಿಗೆ ಗಾಳಿಯಾಡುವ ಕಿಂಡಿ ಇರುತ್ತದೆ, ಇಲ್ಲದಿದ್ದರೆ ಕೆಲಸ ನಡೆಯದು. ಮೋಟಾರು ನಿಂತ ಮೇಲೆ ಅದೇ ಕಿಂಡಿಯಿಂದ ಪೆಟ್ರೋಲಿನ ಹಗುರ ಅಂಶ ಆರಿಹೋಗುತ್ತದೆ. ತಣ್ಣಗಿರುವ ಮೋಟಾರು ಹೊತ್ತಿಕೊಳ್ಳಲು ಬೇಕಾದದ್ದು ಆ ಹಗುರ ಅಂಶವೇ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗಿ, ಆಮೇಲೆ ಅರಗಿನಂತೆ ಗಟ್ಟಿಯಾಗುತ್ತದೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕು. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿಯ ತಗಡಿನ ಶೆಡ್ಡಿನೊಳಗಿನ ಸೆಕೆ ಹೇಳಬೇಕಾಗಿಲ್ಲ. ತಂಪು ದೇಶಗಳ ಕೈಪಿಡಿಗಳು ಪೆಟ್ರೋಲ್ ಕೆಲವು ತಿಂಗಳು ಇರುತ್ತದೆ ಎಂದರೆ, ಆ ಮಾತನ್ನು ಇಲ್ಲಿ ಹಾಗೆಯೇ ನಂಬಬಾರದು.

ಇದರ ಮೇಲೆ ಈಗ ಎಥನಾಲ್. 20% ಎಥನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20, 2023ರ ಫೆಬ್ರುವರಿ 6ರಂದು ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಹೊರಮೋಟಾರು ತಯಾರಕರ ಕೈಪಿಡಿಗಳು ಬಹುಮಟ್ಟಿಗೆ 10%ರವರೆಗೆ ಮಾತ್ರ ಒಪ್ಪುತ್ತವೆ. ಅಮೆರಿಕದಲ್ಲಂತೂ 15% ಬೆರಕೆಯ ಪೆಟ್ರೋಲನ್ನು ದೋಣಿ ಮೋಟಾರಿಗೆ ಹಾಕಲು ಅನುಮತಿಯೇ ಇಲ್ಲ. ಕಾರಣ ಲೆಕ್ಕದಲ್ಲಿದೆ. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಇ20ಕ್ಕೆ ಬೇಕಾದದ್ದು ಇವೆರಡರ ನಡುವೆ, ಹದಿಮೂರೂವರೆಯ ಸುಮಾರಿಗೆ. ಇಂಜೆಕ್ಷನ್ ಇರುವ ಹೊಸ ಬೈಕು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ತಾನೇ ಹೊಂದಿಸಿಕೊಳ್ಳುತ್ತದೆ. ಜೆಟ್ಟಿನ ತೂತಿಗೆ ಆ ಬುದ್ಧಿ ಇಲ್ಲ. ಹಳೆಯ ಅಳತೆಯಲ್ಲೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಮೋಟಾರು ಹೆಚ್ಚು ಕಾಯುತ್ತದೆ.

ಎರಡನೆಯದು ನೀರು. ಬರೀ ಪೆಟ್ರೋಲ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ಎಥನಾಲ್ ಕರೆದು ಕೂರಿಸಿಕೊಳ್ಳುತ್ತದೆ. 10% ಮಿಶ್ರಣ ಲೀಟರಿಗೆ ಸುಮಾರು 5 ಮಿ.ಲೀ. ನೀರನ್ನು ತಡೆದುಕೊಳ್ಳಬಲ್ಲದು. 24 ಲೀಟರಿನ ದೋಣಿ ಟ್ಯಾಂಕಿಗೆ ಅದು ಸುಮಾರು 120 ಮಿ.ಲೀ., ಒಂದು ದೊಡ್ಡ ಲೋಟ ಚಹಾದಷ್ಟು. ಇ20 ಇನ್ನೂ ಸ್ವಲ್ಪ ಹೆಚ್ಚು ತಾಳುತ್ತದೆ, ಆದರೆ ಮಿತಿ ಮೀರಿದಾಗ ಕೆಳಗೆ ಕೂರುವ ರಾಶಿಯೂ ಅಷ್ಟೇ ದೊಡ್ಡದು. ನೀರು, ಎಥನಾಲ್ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮೋಟಾರಿನ ಪೈಪು ಹೀರುವುದು ತಳದಿಂದಲೇ. ಎರಡು ಸ್ಟ್ರೋಕಿನ ಮೋಟಾರಿಗೆ ಇದು ಇನ್ನೂ ಕೇಡು. ಪೆಟ್ರೋಲಿಗೆ ಬೆರೆಸಿದ ಆಯಿಲ್ ಮೇಲಿನ ಪದರದಲ್ಲೇ ಉಳಿದು, ಪಿಸ್ಟನ್ನಿಗೆ ಜಿಡ್ಡಿಲ್ಲದ ದ್ರವ ಸಿಗುತ್ತದೆ.

ಆದರೂ ಎಲ್ಲ ತಪ್ಪನ್ನೂ ಎಥನಾಲಿನ ತಲೆಗೆ ಕಟ್ಟುವುದು ಈಗಿನ ಹೊಸ ರೂಢಿ, ಅದನ್ನು ಪೂರ್ತಿ ಒಪ್ಪಲಾಗದು. ಗಾಳಿಯ ತೇವವನ್ನಷ್ಟೇ ಹೀರಿ ಮುಚ್ಚಿದ ಟ್ಯಾಂಕಿನ ಪೆಟ್ರೋಲ್ ಎರಡಾಗಿ ಒಡೆಯಲು ಬಹಳ ಕಾಲ ಹಿಡಿಯುತ್ತದೆ. ಕೆಡಿಸುವುದು ನೇರವಾಗಿ ಒಳಹೊಕ್ಕ ನೀರು: ಸಡಿಲ ಮುಚ್ಚಳ, ಮಳೆಯಲ್ಲಿ ತೆರೆದಿಟ್ಟ ಕ್ಯಾನು, ಒದ್ದೆ ಆಲಿಕೆ. ಎಥನಾಲ್ ಬರುವುದಕ್ಕೂ ಮುಂಚೆಯೇ ಕಾರ್ಬೋರೇಟರುಗಳು ಕಟ್ಟಿಕೊಳ್ಳುತ್ತಿದ್ದವು. ಬಟ್ಟಲಲ್ಲಿ ಬಿಟ್ಟ ಪೆಟ್ರೋಲೇ ಮೊದಲ ಆರೋಪಿ, ಎಥನಾಲ್ ಅದರ ಕೈಗೆ ಬಲ ಕೊಟ್ಟಿದೆ ಅಷ್ಟೆ. ಹಳೆ ಟ್ಯಾಂಕಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಅದು ಕರಗಿಸಿ ಜೆಟ್ಟಿಗೆ ತಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಬಿರುಕು ಬಿಡಿಸುತ್ತದೆ.

ಬಟ್ಟಲು ಬಿಚ್ಚಿದರೆ ಕೆಟ್ಟದ್ದು ಯಾವುದೆಂದು ಬಣ್ಣವೇ ಹೇಳುತ್ತದೆ. ಕಂದು ಲೇಪವಿದ್ದರೆ ಹಳಸಿದ ಪೆಟ್ರೋಲ್. ಬಿಳಿ ಪುಡಿ ಇದ್ದರೆ ನೀರು ತಗುಲಿ ಲೋಹ ತಿಂದಿದೆ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡರೆ ನೀರು ಬಹಳ ದಿನ ಅಲ್ಲೇ ನಿಂತಿತ್ತು.

ಲಕ್ಷಣಗಳಲ್ಲಿ ಹೆಚ್ಚು ಅಪಾಯದ್ದು ಮೇಲ್ನೋಟಕ್ಕೆ ಚಿಕ್ಕದಾಗಿ ಕಾಣುತ್ತದೆ. ಚೋಕ್ ಎಳೆದಾಗ ಶುರುವಾಗಿ, ಚೋಕ್ ಬಿಟ್ಟೊಡನೆ ಸಾಯುವ ಮೋಟಾರಿನಲ್ಲಿ ಪೈಲಟ್ ಜೆಟ್ ಕಟ್ಟಿರುತ್ತದೆ. ವೇಗ ಕೊಟ್ಟರೆ ಓಡುತ್ತದೆ, ಆದ್ದರಿಂದ ದಡದಲ್ಲಿ ಪರೀಕ್ಷೆ ಮಾಡಿದವರು ‘ಜೋರ್ ಕೊಟ್ರ ಓಡ್ತದ ನೋಡ್ರಿ’ ಎಂದು ಪಾಸು ಮಾಡುತ್ತಾರೆ. ಆದರೆ ಗಡ್ಡೆಯ ಅಂಚಿನಲ್ಲಿ, ಮನೆಯ ಮಾಳಿಗೆಯ ಬದಿಯಲ್ಲಿ ಜನರನ್ನು ಹತ್ತಿಸಿಕೊಳ್ಳುವಾಗ ಮೋಟಾರನ್ನು ತೀರಾ ತಗ್ಗಿಸಲೇಬೇಕು. ನಿಲ್ಲುವುದು ಆಗಲೇ. ಹೊರಮೋಟಾರಿನ ದೋಣಿಗೆ ಬೇರೆ ಚುಕ್ಕಾಣಿ ಇಲ್ಲ, ಫ್ಯಾನು ತಳ್ಳಿದ ಕಡೆ ಅದು ತಿರುಗುತ್ತದೆ. ಮೋಟಾರು ನಿಂತ ದೋಣಿ ಸೆಳವಿನ ಪಾಲು. ಹಾಗಾಗಿ ಪೂರ್ಣ ವೇಗದ ಓಟಕ್ಕಿಂತ, ಗೇರಿನಲ್ಲಿ ಹತ್ತು ನಿಮಿಷ ನಿಧಾನವಾಗಿ ಓಡಿಸಿ ನೋಡುವುದೇ ನಿಜವಾದ ಪರೀಕ್ಷೆ. ಇನ್ನೊಂದು ಮೋಸಗಾರ ಲಕ್ಷಣ: ಚೆನ್ನಾಗಿ ಶುರುವಾಗಿ ಐದಾರು ನಿಮಿಷಕ್ಕೆ ನಿಂತು, ಪೈಪಿನ ನಡುವಿನ ರಬ್ಬರ್ ಬಲ್ಬು ಚಪ್ಪಟೆಯಾಗಿದ್ದರೆ ಕಾರ್ಬೋರೇಟರನ್ನು ಮುಟ್ಟಬೇಡಿ. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ತೆರೆದಿರುವುದಿಲ್ಲ, ಅಷ್ಟೇ.

ರಿಪೇರಿ ಯಾರದು? ಈ ತಾಲ್ಲೂಕುಗಳಲ್ಲಿ ಹೊರಮೋಟಾರಿನದೇ ಮೆಕ್ಯಾನಿಕ್ ಸಿಗುವುದು ಕಷ್ಟ. ಕಾರ್ಬೋರೇಟರಿನ ಜ್ಞಾನ ಇರುವುದು ಬೈಕ್ ಗ್ಯಾರೇಜುಗಳಲ್ಲಿ, ಹತ್ತಿ–ಮೆಣಸಿನಕಾಯಿ ಹೊಲದ ಪವರ್ ಸ್ಪ್ರೇಯರ್ ರಿಪೇರಿ ಮಾಡುವವರಲ್ಲಿ. ಸ್ಪ್ರೇಯರಿನ ಸಣ್ಣ ಎರಡು ಸ್ಟ್ರೋಕ್ ಎಂಜಿನ್ನೂ ಹೊರಮೋಟಾರಿನಂತೆ ಒಂದು ಹಂಗಾಮಿಗೆ ಎದ್ದು ಉಳಿದ ಕಾಲ ಮಲಗುತ್ತದೆ, ಆದ್ದರಿಂದ ‘ಜೆಟ್ಟಿನ್ಯಾಗ ಕಸ ಕುಂತದ’ ಎಂಬ ತೀರ್ಪು ಅವರಿಗೆ ಹೊಸದಲ್ಲ. ಅವರ ಒಂದು ರೂಢಿ ಮಾತ್ರ ಇಲ್ಲಿ ಬೇಡ: ಕ್ಲಚ್ ವೈರಿನ ಒಂದು ಎಳೆಯನ್ನು ಜೆಟ್ಟಿಗೆ ತೂರಿಸಿ ತಿರುವುವುದು. ಉಕ್ಕಿನ ಎಳೆ ಮೆತ್ತನೆಯ ಹಿತ್ತಾಳೆಯನ್ನು ಕೆರೆದು ತೂತನ್ನು ಹಿಗ್ಗಿಸುತ್ತದೆ, ಅಳತೆ ಶಾಶ್ವತವಾಗಿ ಕೆಡುತ್ತದೆ. ಕ್ಲೀನರ್ ಸ್ಪ್ರೇಯಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಇನ್ನೊಂದು ಕಡೆ, 2020ರ ಏಪ್ರಿಲ್‌ನಿಂದ ಬಿಎಸ್‌6 ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಕಾರ್ಬೋರೇಟರೇ ಇಲ್ಲ. ಗ್ಯಾರೇಜಿಗೆ ಹೊಸದಾಗಿ ಸೇರುವ ಹುಡುಗನಿಗೆ ಫ್ಲೋಟಿನ ಮಟ್ಟ ಹಿಡಿಯುವ ಕೆಲಸ ಸಿಗುವುದು ವರ್ಷ ವರ್ಷಕ್ಕೆ ಅಪರೂಪವಾಗುತ್ತಿದೆ. ಇಂಧನ ಹೆಚ್ಚು ತಕರಾರಿನದಾದ ಕಾಲಕ್ಕೇ ಅದನ್ನು ಬಲ್ಲ ಕೈಗಳು ಕಡಿಮೆಯಾಗುತ್ತಿವೆ.

ತಡೆಯುವ ಕ್ರಮ ದೊಡ್ಡದೇನಲ್ಲ, ಆದರೆ ಅದನ್ನು ದೋಣಿ ಒಳಗಿಟ್ಟ ದಿನವೇ ಮಾಡಬೇಕು. ಮೋಟಾರಿಗೆ ಶುದ್ಧ ನೀರು ಹಾಯಿಸಿ ಹೂಳು ತೊಳೆಯುವಾಗಲೇ ಪೆಟ್ರೋಲ್ ಪೈಪನ್ನು ಕಳಚಬೇಕು. ಬಟ್ಟಲು ಖಾಲಿಯಾಗುತ್ತಾ ಬಂದಂತೆ ಮೋಟಾರು ಒಮ್ಮೆ ಏರಿ, ತಡವರಿಸಿ ನಿಲ್ಲುತ್ತದೆ. ಅಷ್ಟಕ್ಕೇ ಬಿಡುವುದೇ ಹೆಚ್ಚಿನವರ ತಪ್ಪು. ಜೆಟ್ಟಿನ ಬಾಯಿಗಿಂತ ಕೆಳಗೆ ಇನ್ನೂ ಪೆಟ್ರೋಲ್ ಉಳಿದಿರುತ್ತದೆ, ತಳದ ತಿರುಪು ಸಡಿಲಿಸಿ ಅದನ್ನೂ ಬಸಿಯಬೇಕು. ಎರಡು ಸ್ಟ್ರೋಕಿನದಾದರೆ ಸಿಲಿಂಡರಿಗೆ ರಕ್ಷಣಾ ಆಯಿಲ್ ಸಿಂಪಡಿಸಬೇಕು, ಪೆಟ್ರೋಲ್ ತೀರುತ್ತ ಓಡಿದ ಮೋಟಾರಿಗೆ ಆಯಿಲೂ ತೀರಿರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಒಣಗಿಸಿ, ತಿರುಪು ಮುಚ್ಚಿಡಬೇಕು. ಪೈಪಿನ ದಾರಿಯಲ್ಲಿ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಒಂದಿದ್ದರೆ ಖರ್ಚಿಗೆ ತಕ್ಕ ಕೆಲಸ ಮಾಡುತ್ತದೆ.

ಇನ್ನು ಹಂಗಾಮಿನ ಪೆಟ್ರೋಲ್. ಇಲ್ಲಿ ಯಾದಗಿರಿಯ ಭೂಗೋಳ ಒಂದು ವಿಚಿತ್ರ ಸಮಸ್ಯೆ ಒಡ್ಡುತ್ತದೆ. ಕೃಷ್ಣೆ ಏರುವುದು ಸಾಮಾನ್ಯವಾಗಿ ಜುಲೈ ಕೊನೆ, ಆಗಸ್ಟ್. ಭೀಮೆ ಸೆಪ್ಟೆಂಬರ್, ಅಕ್ಟೋಬರಿಗೂ ಬರುತ್ತದೆ. 2009ರಂತೆ ಸೆಪ್ಟೆಂಬರ್ ಕೊನೆಗೆ ಎಲ್ಲ ಕಡೆ ಒಟ್ಟಿಗೆ ಸುರಿದದ್ದೂ ಉಂಟು. ಜುಲೈನಲ್ಲಿ ಇಂಡೆಂಟ್ ಹಾಕಿ ತಂದ ಪೆಟ್ರೋಲ್ ಭೀಮೆಯ ಹೊತ್ತಿಗೆ ಮೂರು ತಿಂಗಳ ಹಳಸಲು. ದಾಸ್ತಾನು ಪುಸ್ತಕದಲ್ಲಿ ಅದು ‘ಇದೆ’ ಎಂದೇ ಇರುತ್ತದೆ. ಆದ್ದರಿಂದ ದಾಸ್ತಾನು ಪುಸ್ತಕಕ್ಕೆ ಲೀಟರಿನ ಪಕ್ಕ ಬಂಕಿನಿಂದ ತಂದ ತಾರೀಖಿನ ಕಲಂ ಬೇಕು, ಮತ್ತು ತಿಂಗಳು ತುಂಬಿದ ಪೆಟ್ರೋಲನ್ನು ಕಚೇರಿಯ ಬೈಕುಗಳಿಗೆ ಹಾಕಿ ಮುಗಿಸಲು ಆದೇಶ ಬೇಕು. ಅದು ಸಾಧ್ಯವಾಗಬೇಕಾದರೆ ಕ್ಯಾನಿನಲ್ಲಿ ಮೊದಲೇ ಆಯಿಲ್ ಬೆರೆಸಿಡಬಾರದು, ಬೆರೆಸಿದ ಪೆಟ್ರೋಲ್ ನಾಲ್ಕು ಸ್ಟ್ರೋಕಿನ ಬೈಕಿಗೆ ಬರುವುದಿಲ್ಲ. 50:1 ಅನುಪಾತದ ಮೋಟಾರಿಗೆ ಲೀಟರಿಗೆ 20 ಮಿ.ಲೀ. ಆಯಿಲ್, 24 ಲೀಟರಿನ ಟ್ಯಾಂಕಿಗೆ 480. ಅಷ್ಟು ಅಳೆದು ಸೀಲು ಮಾಡಿದ ಬಾಟಲಿಯನ್ನು ಕ್ಯಾನಿನ ಹಿಡಿಗೆ ಕಟ್ಟಿಟ್ಟರೆ ದೋಣಿ ಹೊರಡುವ ಹೊತ್ತಿಗೆ ಸುರಿದು ಕುಲುಕಿದರಾಯಿತು. ಸೀಲು ಒಡೆಯದ ಆಯಿಲ್ ವರ್ಷಗಟ್ಟಲೆ ಇರುತ್ತದೆ. ತಾರೀಖು ನೋಡಬೇಕಾದದ್ದು ಪೆಟ್ರೋಲಿನದು ಮಾತ್ರ.