ಗ್ರಾಮೀಣ ಆಸ್ತಿಯಲ್ಲಿ ಜಾನುವಾರು ಸಾಕಣೆ: ಅನುಮತಿ ಮತ್ತು ನೈರ್ಮಲ್ಯದ ಅವಶ್ಯಕತೆಗಳು

ಮೂಗೂರು ಹೋಬಳಿ ಸೇರಿದಂತೆ ತಿ. ನರಸೀಪುರ ಹಾಗೂ ನಂಜನಗೂಡು ತಾಲ್ಲೂಕುಗಳ ಗ್ರಾಮಗಳಲ್ಲಿ ಹಸು, ಎಮ್ಮೆ, ಕುರಿ, ಮೇಕೆ ಅಥವಾ ಕೋಳಿ ಸಾಕಲು ಉದ್ದೇಶಿಸಿರುವ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಪರಿಸರ ಆರೋಗ್ಯದ ಪರವಾನಗಿ ಎಂಬ ಒಂದೇ ಪತ್ರವನ್ನು ಯಾವ ಕಚೇರಿಯೂ ನೀಡುವುದಿಲ್ಲ. ಕಟ್ಟಡ, ಜಮೀನು, ಉದ್ದಿಮೆ, ಹಾಲಿನ ಮಾರಾಟ ಇವುಗಳಿಗೆ ನಿಯಮಗಳು ಬೇರೆ ಬೇರೆಯಾಗಿವೆ. ಆದುದರಿಂದ ಅರ್ಜಿದಾರರು ಮೊದಲು ಕೊಟ್ಟಿಗೆಯ ಸ್ಥಳವನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಕಟ್ಟಿದ ಮೇಲೆ ಸ್ಥಳಾಂತರಿಸುವ ವೆಚ್ಚ ಮಾಲೀಕರ ಮೇಲೆಯೇ ಬೀಳುತ್ತದೆ.

ಗ್ರಾಮಠಾಣದ ಒಳಗೆ ಹೊಸದಾಗಿ ಕೊಟ್ಟಿಗೆ ಕಟ್ಟುವವರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಗ್ರಾಮ ಪಂಚಾಯತಿಯ ಅನುಮತಿ ಪಡೆಯಬೇಕು. ಅರ್ಜಿಯೊಂದಿಗೆ ಸ್ವತ್ತಿನ ನಮೂನೆ 9 ಅಥವಾ 11 ಮತ್ತು ಕೈನಕ್ಷೆ ಇರಲಿ. ನಕ್ಷೆಯಲ್ಲಿ ಬಾವಿ, ಕೊಳವೆಬಾವಿ, ಚರಂಡಿ ಮತ್ತು ತಿಪ್ಪೆಗುಂಡಿಗಳನ್ನು ತೋರಿಸುವುದು ಅವಶ್ಯ. ಕೊಟ್ಟಿಗೆಯನ್ನಷ್ಟೇ ಗುರುತಿಸಿ ತಿಪ್ಪೆಯನ್ನು ಬಿಟ್ಟ ನಕ್ಷೆಯಿಂದ ಸ್ಥಳ ಪರಿಶೀಲನೆಗೆ ಏನೂ ಪ್ರಯೋಜನವಿಲ್ಲ.

ಕೃಷಿ ಜಮೀನಿನಲ್ಲಿ ಕಟ್ಟುವವರ ಸ್ಥಿತಿ ಸ್ವಲ್ಪ ಸುಲಭ. ಕರ್ನಾಟಕ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣವು ಸಾಗುವಳಿದಾರರಿಗೆ ತಮ್ಮ ಜಮೀನಿನಲ್ಲಿ ಕೃಷಿ ಕಟ್ಟಡ ನಿರ್ಮಿಸಲು ಅವಕಾಶ ನೀಡಿದೆ. ಭೂ ಸುಧಾರಣಾ ಅಧಿನಿಯಮ, 1961ರಲ್ಲಿ ಕೃಷಿ ಎಂಬ ಪದವು ಹೈನುಗಾರಿಕೆ, ಕೋಳಿ ಸಾಕಣೆ ಮತ್ತು ಜಾನುವಾರು ತಳಿ ಅಭಿವೃದ್ಧಿಯನ್ನೂ ಒಳಗೊಂಡಿದೆ. ಆದರೂ ಪಹಣಿಯ ಪ್ರತಿಯೊಂದಿಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಮುಂಚಿತವಾಗಿ ಕಂಡು ಲಿಖಿತ ಉತ್ತರ ಪಡೆಯುವುದು ಸೂಕ್ತ. ಬ್ಯಾಂಕು ಸಾಲದ ಹಂತದಲ್ಲಿ ಈ ಕಾಗದವನ್ನೇ ಕೇಳಬಹುದು.

ನೀರಿನ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ದೊಡ್ಡ ಹಸುವೊಂದು ದಿನಕ್ಕೆ ಸುಮಾರು 10ರಿಂದ 15 ಕೆ.ಜಿ. ಸಗಣಿ ಹಾಕುತ್ತದೆ. ಅದರೊಂದಿಗೆ ಗಂಜಲ ಮತ್ತು ತೊಳೆದ ನೀರು ಸೇರಿ ಮಣ್ಣಿನಲ್ಲಿ ಇಂಗಿದಲ್ಲಿ, ಸಾರಜನಕವು ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರತಿ ಲೀಟರಿಗೆ 45 ಮಿ.ಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬಣ್ಣ, ವಾಸನೆ, ರುಚಿಯಿಂದ ಇದು ತಿಳಿಯುವುದಿಲ್ಲ; ಕುದಿಸಿದರೂ ಹೋಗುವುದಿಲ್ಲ. ಬಾಟಲಿ ಹಾಲನ್ನು ಆ ನೀರಿನಲ್ಲಿ ಕಲಸಿ ಕುಡಿಸಿದ ಹಸುಗೂಸಿನ ರಕ್ತದಲ್ಲಿ ಆಮ್ಲಜನಕ ಸಾಗುವುದು ಕುಂದಿ ಮೈ ನೀಲಿಗಟ್ಟಬಹುದು. ಆದಕಾರಣ ತಿಪ್ಪೆಗುಂಡಿ ಮತ್ತು ಬಾವಿಯ ನಡುವೆ ಕನಿಷ್ಠ 15 ಮೀಟರ್ (50 ಅಡಿ), ಕೊಟ್ಟಿಗೆ ಮತ್ತು ವಾಸದ ಮನೆಯ ನಡುವೆ 25 ಅಡಿ ಅಂತರವಿರಲಿ. ಬಾವಿಯು ಇಳಿಜಾರಿನ ಮೇಲ್ಭಾಗದಲ್ಲಿರಬೇಕು. ನೆಲಕ್ಕೆ ಕಾಂಕ್ರೀಟ್ ಹಾಕಿ ಗಂಜಲದ ಕಾಲುವೆಯನ್ನು ಗುಂಡಿಗೆ ಹರಿಸುವುದು ಉತ್ತಮ. ನಾಲ್ಕೈದು ಹಸುಗಳಿರುವವರು 2 ಘನ ಮೀಟರ್ ಗೋಬರ್ ಅನಿಲ ಸ್ಥಾವರವನ್ನು ಪರಿಗಣಿಸಬಹುದು. ಅದಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಸಾಕು. ಹಳೆಯ ಮನೆಗಳಲ್ಲಿ ಕೊಟ್ಟಿಗೆ ಮನೆಯೊಳಗೇ ಇರುವುದುಂಟು. ಅಂತಹವರು ಈ ಅಂತರ ಪಾಲಿಸುವುದು ಕಷ್ಟವೇ ಸರಿ, ಆದರೆ ತಿಪ್ಪೆಯನ್ನಾದರೂ ಹೊರಗೆ ಸಾಗಿಸಬಹುದು.

ಮಾರಾಟದ ಉದ್ದೇಶದ ಕೋಳಿ ಫಾರಂಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿದ್ದು, ಹೊಸ ಫಾರಂ ವಸತಿ ಪ್ರದೇಶದಿಂದ 500 ಮೀಟರ್ ದೂರವಿರುವುದು ಅಪೇಕ್ಷಣೀಯವೆಂದಿದೆ. ಮಂಡಳಿಯ ಸಮ್ಮತಿ ಪತ್ರ ಹಕ್ಕಿಗಳ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಶೆಡ್ ಕಟ್ಟುವ ಮೊದಲೇ ರಾಜ್ಯ ಮಂಡಳಿಯ ಮೈಸೂರಿನ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಹಾಲಿನ ಸಹಕಾರ ಸಂಘದ ಸದಸ್ಯರಾಗಿ ತಮ್ಮ ಪೂರ್ತಿ ಹಾಲನ್ನು ಸಂಘಕ್ಕೇ ಹಾಕುವವರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿ ಇದೆ. ಮನೆಮನೆಗೆ ಹಾಲು ಮಾರುವವರಿಗೆ ಈ ವಿನಾಯಿತಿ ಇಲ್ಲ.

ರೋಗ ಕಂಡುಬಂದಲ್ಲಿ ತಿಳಿಸುವುದು ಮಾಲೀಕರ ಕಾನೂನುಬದ್ಧ ಕರ್ತವ್ಯ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕುರಿತ ಕೇಂದ್ರ ಅಧಿನಿಯಮದಂತೆ ಕಾಲುಬಾಯಿ ರೋಗ, ನೆರಡಿ ಮುಂತಾದ ಅನುಸೂಚಿತ ರೋಗದ ಸಂಶಯವಿದ್ದರೂ ವರದಿ ಮಾಡಿ, ಆ ಪ್ರಾಣಿಯನ್ನು ಬೇರೆ ಕಟ್ಟಬೇಕು. ಹಠಾತ್ತನೆ ಸತ್ತು ಮೂಗು, ಬಾಯಿ ಅಥವಾ ಗುದದ್ವಾರದಿಂದ ರಕ್ತ ಬಂದಿರುವ ಜಾನುವಾರಿನ ಚರ್ಮ ಸುಲಿಯಬಾರದು, ಹೊಟ್ಟೆ ಬಗೆಯಬಾರದು. ನೆರಡಿಯ ರೋಗಾಣುಗಳು ಗಾಳಿ ತಾಗಿದೊಡನೆ ಗಟ್ಟಿ ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಪಶುವೈದ್ಯರು ಬರುವವರೆಗೆ ಕಳೇಬರವನ್ನು ಮುಟ್ಟದೆ, ನಾಯಿಗಳು ಹತ್ತಿರ ಬಾರದಂತೆ ಕಾಯುವುದು. ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳುವ ಕೆಲಸ ಅವರ ಸೂಚನೆಯಂತೆಯೇ ನಡೆಯಲಿ.

ಅರ್ಜಿಗಳನ್ನು ಆಯಾ ಗ್ರಾಮ ಪಂಚಾಯತಿ ಕಚೇರಿಯಲ್ಲಿ ಸಲ್ಲಿಸಿ ಸ್ವೀಕೃತಿ ಪತ್ರ ಪಡೆಯಲು ಕೋರಲಾಗಿದೆ.